ರಾಗ, ತಾಳ ಎರಡೂ ಸಿಗದ ಡ್ರೋನ್ ಮೆಟಲ್ ಅನ್ನುವ ರಾಕ್ ಸಂಗೀತದ ಶೈಲಿ ಕೆಲವರಿಗೆ ಯಾಕೆ ಅಷ್ಟೊಂದು ಹಿಡಿಸುತ್ತೆ?

ಚಿಕ್ಕಬಳ್ಳಾಪುರದ ಕಡೆ ತಮಟೆ ಕೇಳುತ್ತಾ ಬೆಳೆದ ನನಗೆ ಇದು ಹಿಡಿಸೀತು ಅಂತ ಊಹಿಸಿಯೇ ಇರಲಿಲ್ಲ. ಈಗ ಬಿಡಲು ಆಗುತ್ತಿಲ್ಲ.

ಇದರ ರುಚಿಯೆಲ್ಲ ನಾದದ ಒಳಗಡೆ ಇದೆ. ಗಿಟಾರ್ ತಂತಿಗಳನ್ನು ತೀರಾ ಕೆಳಗಿನ ಶ್ರುತಿಗೆ ಇಳಿಸಿ, ಆಂಪ್ಲಿಫೈಯರ್ ಜೋರು ಮಾಡಿ, ಒಂದೇ ಸ್ವರವನ್ನು ನಿಮಿಷಗಟ್ಟಲೆ ಮೊಳಗಿಸುತ್ತಾರೆ. ಆ ಒರಟು ಸದ್ದಿನೊಳಗಿಂದ ಉಪಸ್ವರಗಳು, ಅಂದರೆ ಮೂಲ ಸ್ವರದ ಜೊತೆಗೇ ಸಣ್ಣಗೆ ಮೊಳಗುವ ಮೇಲಿನ ಸ್ವರಗಳು, ಒಂದೊಂದಾಗಿ ಮೇಲೇಳುತ್ತವೆ. ತಂಬೂರಿಯ ತಂತಿಗಳನ್ನು ಹೊರುವ ‘ಕುದುರೆ’ ಮೇಲೆ ದಾರ ಸರಿಸಿ ಶ್ರುತಿಗೆ ಜೀವ ತುಂಬುತ್ತಾರಲ್ಲ, ಅಲ್ಲಿ ಕೇಳಿಸುವುದೂ ಇವೇ ಉಪಸ್ವರಗಳು. ತಂಬೂರಿ ಕೇಳಿದ ಕಿವಿಗೆ ಅರ್ಧ ದಾರಿ ಆಗಲೇ ಗೊತ್ತು ಅನ್ನುತ್ತೇನೆ ನಾನು.

ಸಿಯಾಟಲ್‌ನ ‘ಅರ್ತ್’ ತಂಡ 1993ರಲ್ಲಿ ತಂದ ‘ಅರ್ತ್ 2’ ಈ ಶೈಲಿಗೆ ದಾರಿ ಹಾಕಿಕೊಟ್ಟ ಆಲ್ಬಮ್. ಸುಮಾರು 73 ನಿಮಿಷ, ಇರುವುದು ಮೂರೇ ಟ್ರ್ಯಾಕ್!

ಈ ಸಂಗೀತಕ್ಕೆ ತಮಟೆಯ ಹಾಗೆ ಮೈಗೆ ತಟ್ಟುವ ಗುಣವೂ ಇದೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ತಮಟೆಯನ್ನು ಹತ್ತಿರ ನಿಂತು ಕೇಳಿದವರಿಗೆ ಗೊತ್ತು, ಸದ್ದು ಕಿವಿಯ ಜೊತೆಗೆ ಎದೆಗೂ ಬಡಿಯುತ್ತೆ.

ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಕೆಳಗಿನ ಸ್ವರಗಳೇ ಬರಲ್ಲ. ಒಳ್ಳೆ ಹೆಡ್‌ಫೋನ್ ಹಾಕಿ, ವಾಲ್ಯೂಮ್ ಹದವಾಗಿಡಿ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಅನಿಸಿದರೂ ಎದ್ದುಬಿಡಬೇಡಿ.