ತೋಟದಿಂದ ಪೇಟೆಗೆ ಓಡಾಡಲು ಬಿಎಸ್-6 ಡೀಸೆಲ್ ಕಾರು ಕೊಂಡರೆ ಪರಿಸರಕ್ಕೆ ಒಳ್ಳೆಯದೇ?

ಚಿಕ್ಕಮಗಳೂರಿನ ಪಕ್ಕದ ತೋಟದಿಂದ ದಿನವೂ ಪೇಟೆಗೆ ಹೋಗಿಬರಲು, ಹೊಗೆ ಕಡಿಮೆಯೆಂಬ ಕಾರಣಕ್ಕೆ ಹಳೆಯ ಜೀಪು ಮಾರಿ ಬಿಎಸ್-6 (ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮದ) ಡೀಸೆಲ್ ಕಾರು ಕೊಳ್ಳಬಹುದೇ ಎಂದು ಕೇಳಿದ್ದೀರಿ. ಮಲ್ಲಂದೂರು ರಸ್ತೆಯ ನಮ್ಮ ತೋಟಕ್ಕೆ ನಾನು ಕಾರು ತಂದದ್ದೂ ಇದೇ ಕಾರಣಕ್ಕೆ.

ಕಾಗದದ ಮೇಲಿನ ಲೆಕ್ಕವೇನೂ ಸುಳ್ಳಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮವು ಡೀಸೆಲ್ ಕಾರುಗಳು ಉಗುಳುವ ಮಸಿಕಣಗಳ ಮಿತಿಯನ್ನು ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5ಕ್ಕೂ, ನೈಟ್ರೋಜನ್ ಆಕ್ಸೈಡುಗಳ ಮಿತಿಯನ್ನು 250ರಿಂದ 80ಕ್ಕೂ ಇಳಿಸಿತು. ಡೀಸೆಲ್‌ನಲ್ಲಿರುವ ಗಂಧಕವೂ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. ಆದರೆ ಆ ಮಸಿ ಎಲ್ಲಿಗೆ ಹೋಗುತ್ತದೆ ಎಂದು ಕೊಳ್ಳುವಾಗ ನಾನು ಕೇಳಲಿಲ್ಲ, ಷೋರೂಮಿನವರೂ ಹೇಳಲಿಲ್ಲ. ಅದು ಹೊಗೆ ಹೋಗುವ ದಾರಿಯಲ್ಲಿರುವ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರಿನಲ್ಲಿ ಕೂರುತ್ತದೆ. ಫಿಲ್ಟರಿನ ಶಾಖ ಸುಮಾರು 600 ಡಿಗ್ರಿಗೆ ಏರಿದಾಗ ಮಾತ್ರ ಸುಟ್ಟು ಹೋಗುತ್ತದೆ. ಅದಕ್ಕೆ ಗಾಡಿ ಒಂದೇ ವೇಗದಲ್ಲಿ ಕಾಲುಗಂಟೆಯಾದರೂ ಓಡಬೇಕು.

ನಮ್ಮ ತಿರುವು ರಸ್ತೆಯಲ್ಲಿ ಎರಡನೇ ಗೇರು, ಮೂರನೇ ಗೇರು, ಅಷ್ಟರಲ್ಲಿ ಪೇಟೆ. ಮಸಿ ಸುಡಲು ಆರಂಭವಾಗುವ ಹೊತ್ತಿಗೆ ನಾನು ಎಂಜಿನ್ ಆರಿಸಿ ಇಳಿದಿರುತ್ತಿದ್ದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದಾಗ, ಮುಂದಿನ ಸರ್ವಿಸಿನಲ್ಲಿ ಹೇಳಿದರಾಯಿತೆಂದು ಬಿಟ್ಟೆ. ನನಗೆ ದುಬಾರಿಯಾದದ್ದು ಇದೇ. ಆ ದೀಪ ಕೆಟ್ಟಿದ್ದನ್ನು ತೋರಿಸುವ ದೀಪವಲ್ಲ, ಓಡಿಸು ಎಂದು ಕೇಳುವ ದೀಪ. ಅಂದೇ ಕಡೂರಿನ ಕಡೆಯ ಬಯಲು ರಸ್ತೆಯಲ್ಲಿ ನಿಲ್ಲಿಸದೆ ಒಂದು ಸುತ್ತು ಹೋಗಿ ಬಂದಿದ್ದರೆ ಖರ್ಚು ಡೀಸೆಲಿನಷ್ಟೇ ಆಗುತ್ತಿತ್ತು. ಅರ್ಧಕ್ಕೆ ನಿಂತ ಪ್ರತಿ ಸಲವೂ ಮಸಿ ಸುಡಲೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತಿತ್ತು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿದ್ದನ್ನು ಕಂಡು, ಸದ್ಯ ಕಡಿಮೆಯಾಗಿಲ್ಲವಲ್ಲ ಎಂದು ಸಂತೋಷಪಟ್ಟವನು ನಾನು! ಕೊನೆಗೆ ಫಿಲ್ಟರು ಮಸಿಯಿಂದ ಕಟ್ಟಿಕೊಂಡು, ಎಂಜಿನ್ ಶಕ್ತಿ ಕಳೆದುಕೊಂಡು ಕಾರು ತೋಟದ ಏರು ಹತ್ತದಾಯಿತು. ಆಯಿಲ್ ಬದಲಿಸಬೇಕಾಯಿತು, ಫಿಲ್ಟರನ್ನೂ ಹೊಸದಾಗಿ ಹಾಕಿಸಬೇಕಾಯಿತು.

ಆಗ ಒಬ್ಬ ಮೆಕ್ಯಾನಿಕ್ ಫಿಲ್ಟರನ್ನೇ ತೆಗೆದು ಬರಿಯ ಪೈಪು ಕೂರಿಸಿಕೊಡುವುದಾಗಿ ಹೇಳಿದ. ನಿಮಗೂ ಹೇಳುವವರು ಸಿಗುತ್ತಾರೆ, ಖಂಡಿತ ಒಪ್ಪಬೇಡಿ. ಫಿಲ್ಟರಿಲ್ಲದ ಬಿಎಸ್-6 ಗಾಡಿ ಹೆಸರಿಗೆ ಮಾತ್ರ ಬಿಎಸ್-6. ಶ್ವಾಸಕೋಶದ ಆಳಕ್ಕಿಳಿಯುವ ಮಸಿಯನ್ನು ಅದು ಕಾಫಿ ಕೊಯ್ಯುವವರ ಮುಖಕ್ಕೇ ಉಗುಳುತ್ತದೆ.

ನಿಮ್ಮ ಪ್ರಶ್ನೆಯಲ್ಲಿರುವ ನಂಬಿಕೆಯನ್ನೂ ನಾನು ಒಪ್ಪಲಾರೆ. ಫಿಲ್ಟರು ತಡೆಯುವುದು ಮಸಿಯನ್ನು. ಒಂದು ಲೀಟರ್ ಡೀಸೆಲ್ ಉರಿದಾಗ ಹುಟ್ಟುವ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡ್ ಹಾಗೆಯೇ ಹೊರಗೆ ಬರುತ್ತದೆ. ವಾರಕ್ಕೊಮ್ಮೆಯಾದರೂ ಹಾಸನಕ್ಕೋ ಬೆಂಗಳೂರಿಗೋ ಹೋಗುವ ಕೆಲಸವಿದ್ದರೆ ಡೀಸೆಲ್ ಕಾರು ಕೊಳ್ಳಿ. ಬರಿಯ ತೋಟ, ಪೇಟೆ ಎಂದಾದರೆ ಚಿಕ್ಕ ಪೆಟ್ರೋಲ್ ಕಾರು ಸಾಕು. ಮನೆಯಲ್ಲಿ ಕರೆಂಟು ನೆಟ್ಟಗಿದ್ದರೆ ಎಲೆಕ್ಟ್ರಿಕ್ ಕಾರನ್ನೂ ಒಮ್ಮೆ ಓಡಿಸಿ ನೋಡಿ.