ಅಜ್ಜ ಕಲಿಸಿದ ಒಂದು ಮನೆಯ ನಡೆ

ಡೊಂಬಿವಲಿಯ ಓದುಗರೊಬ್ಬರ ಪತ್ರ ಬಂದಿದೆ. ಧಾರವಾಡದ ಅವರ ತಂದೆ ಮೊಮ್ಮಗಳಿಗೆ ಕಲಿಸಿದ ಚದುರಂಗದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದೆ ಹೋಗುತ್ತದೆ; ಈಗಿನ ಪಂದ್ಯದ ನಿಯಮದಲ್ಲಿ ಅದು ಮೊದಲ ಸಲ ಎರಡು ಮನೆಯೂ ಹೋಗಬಹುದು. ಠಾಣೆಯ ಪಂದ್ಯವೊಂದರಲ್ಲಿ ಹುಡುಗಿಯ ಆಟ ನೋಡಿದ ತರಬೇತುದಾರರು, ಆ ಹಳೆಯ ಆಟವನ್ನು ಮೊದಲು ಮರೆಯಬೇಕು ಎಂದರಂತೆ. ಅಜ್ಜ ಕಲಿಸಿದ್ದು ತಪ್ಪೇ ಎಂದು ಓದುಗರು ಕೇಳಿದ್ದಾರೆ.

ತಪ್ಪಲ್ಲ. ಪಂದ್ಯದ ನಿಯಮವನ್ನು ಹುಡುಗಿ ಕಲಿಯಲೇಬೇಕು, ಅಷ್ಟರ ಮಟ್ಟಿಗೆ ತರಬೇತುದಾರರ ಮಾತು ಸರಿ. ಆದರೆ ಮರೆಯಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಅಜ್ಜನದು ನಮ್ಮ ದೇಶದ ಹಳೆಯ ಪದ್ಧತಿ. ಕಾಲಾಳು ಒಂದೊಂದೇ ಮನೆ ಸರಿಯುವಲ್ಲಿ ನಡುಮಣೆಯನ್ನು ಅವಸರದಿಂದ ಹಿಡಿಯಲಾಗದು. ಆದ್ದರಿಂದ ಆಟಗಾರ ಜಿ ಸಾಲಿನ (ಮಣೆಯ ಉದ್ದ ಸಾಲುಗಳಿಗೆ ಎ ಇಂದ ಎಚ್ ವರೆಗೆ, ಅಡ್ಡ ಸಾಲುಗಳಿಗೆ 1ರಿಂದ 8ರವರೆಗೆ ಹೆಸರು) ಕಾಲಾಳನ್ನು ಒಂದು ಮನೆ ಸರಿಸಿ, ಆ ಕಿಂಡಿಯಲ್ಲಿ ಒಂಟೆಯನ್ನು ಕೂರಿಸಿ, ದೂರದಿಂದಲೇ ನಡುಮಣೆಯ ಮೇಲೆ ಕಣ್ಣಿಡುತ್ತಾನೆ.

1855ರಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಅವರು ಅಲ್ಲಿ ವಕೀಲರಾಗಿದ್ದ ಜಾನ್ ಕಾಕ್ರನ್ ಅವರೆದುರು ಕಪ್ಪು ಕಾಯಿಗಳಲ್ಲಿ ಆಡಿದ್ದು ಹೀಗೆಯೇ. ಬಿಳಿಯ ಡಿ4 (ಅಂದರೆ ಡಿ ಸಾಲಿನ 4ನೆಯ ಮನೆಗೆ ಕಾಲಾಳು), ಸಿ4, ಕುದುರೆ ಸಿ3 ನಡೆಗಳಿಗೆ ಅವರು ಕುದುರೆ ಎಫ್6, ಜಿ6, ಡಿ5 ಎಂದು ಉತ್ತರಿಸಿದರು. ಜಿ6 ಹಳೆಯ ರೂಢಿಗೆ ಹೊಂದುವ ನಡೆ. ಮರುನಡೆಯಲ್ಲೇ ಡಿ ಕಾಲಾಳು ಎರಡು ಮನೆ ಹಾರಿದ್ದು ಹೊಸ ನಿಯಮದ ಅನುಮತಿ. ಒಂದನ್ನು ಕಲಿಯಲು ಇನ್ನೊಂದನ್ನು ಅವರು ಮರೆಯಲಿಲ್ಲ, ಮತ್ತು ನನ್ನ ಮಾತಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. 1922ರಲ್ಲಿ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ವಿಯೆನ್ನಾದಲ್ಲಿ ಇದೇ ಆರಂಭದಿಂದ, ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖಿನ್ ಅವರನ್ನು ಸೋಲಿಸಿದರು, ಆರಂಭಕ್ಕೆ ಹೆಸರೂ ಗ್ರುನ್‌ಫೆಲ್ಡ್ ಅವರದೇ ಆಯಿತು. 1956ರಲ್ಲಿ 13 ವರ್ಷದ ಬಾಬಿ ಫಿಷರ್ ನ್ಯೂಯಾರ್ಕಿನಲ್ಲಿ ಡೊನಾಲ್ಡ್ ಬರ್ನ್ ಅವರ ವಿರುದ್ಧ ಮಂತ್ರಿಯನ್ನೇ ಬಲಿಕೊಟ್ಟು ಗೆದ್ದ ಪ್ರಸಿದ್ಧ ಆಟವೂ ಈ ಆರಂಭದ್ದೇ.

ಬ್ಯಾನರ್ಜಿ ಆ ಆಟದಲ್ಲಿ ಸೋತರು ಎಂಬುದನ್ನೂ ಹೇಳಬೇಕು. ಸೋಲಿಗೆ ಕಾರಣ ಆರಂಭವಲ್ಲ. 18ನೆಯ ನಡೆಯಲ್ಲಿ ಅವರು ಕುದುರೆಯನ್ನು ಎ5ಕ್ಕೆ ತಂದು ಬಿಳಿಯ ಮಂತ್ರಿಯ ಮೇಲೆ ಬಿದ್ದರು. ಕಾಕ್ರನ್ ಅವರಿಗೆ ಅಲ್ಲಿಂದ ಮೂರೇ ನಡೆಗಳ ದಾರಿ ತೆರೆಯಿತು. ಕುದುರೆಯಿಂದ ಜೋಡಿ ಶಹ (ರಾಜನ ಮೇಲೆ ಒಮ್ಮೆಗೇ ಎರಡು ಕಾಯಿಗಳ ದಾಳಿ), ಜಿ8ರಲ್ಲಿ ಮಂತ್ರಿಯ ಬಲಿ, ಅದನ್ನು ಹೊಡೆಯಲೇಬೇಕಾದ ಆನೆ ತನ್ನ ರಾಜನ ಕೊನೆಯ ಮನೆಯನ್ನೂ ಮುಚ್ಚಿದ ಮೇಲೆ ಮತ್ತೆ ಕುದುರೆಯಿಂದ ಮಾತ್.

ಈ ಆಟವನ್ನು ಅಜ್ಜ, ಮೊಮ್ಮಗಳು ಒಟ್ಟಿಗೆ ಮಣೆಯ ಮೇಲೆ ಹೂಡಲಿ. 18ನೆಯ ನಡೆಗೆ ಬಂದಾಗ, ಕಪ್ಪಿಗೆ ಬೇರೆ ಯಾವ ನಡೆ ಇತ್ತೆಂದು ಹುಡುಗಿ ಅಜ್ಜನನ್ನೇ ಕೇಳಲಿ.