ಡಾಕ್ಟರ್ ತಪ್ಪು ಮಾಡಿದರೆ ಕೇಸು ಹಾಕುವ ಹಕ್ಕು ರೋಗಿಗೆ ಇರಬೇಕಾ?

ಇರಲೇಬೇಕು. ನಾನು ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಆಸ್ಪತ್ರೆ ಸಂಬಳ ತಿಂದುಕೊಂಡು ಹೀಗೆ ಹೇಳ್ತಾನಲ್ಲ ಅಂತ ನಮ್ಮವರೇ ಬೈಯಬಹುದು. ಬೈಯಲಿ.

ಹಕ್ಕು ಇದ್ದರೆ ಡಾಕ್ಟರುಗಳು ಹೆದರಿ ಬೇಡದ ಟೆಸ್ಟೆಲ್ಲ ಬರೀತಾರೆ, ಬಿಲ್ಲು ಕಟ್ಟೋರು ನಾವೇ ಅಲ್ವಾ ಅಂತ ಕೇಳಿದ್ದೀರಿ. ಸ್ವಲ್ಪ ನಿಜ. ತಲೆನೋವು ಅಂತ ಬಂದವರಿಗೆ "ಯಾವುದಕ್ಕೂ ಇರಲಿ" ಅಂತ ಸಿಟಿ ಸ್ಕ್ಯಾನ್ ಬರೆಯುವುದನ್ನು ನಾನೂ ನೋಡಿದ್ದೇನೆ. ಆದರೆ ಅಷ್ಟೂ ಕೋರ್ಟಿನ ಭಯಕ್ಕೇ ಅಂದರೆ ಒಪ್ಪಲಾರೆ. ಸ್ಕ್ಯಾನ್ ಮೆಷಿನ್ನಿನ ಸಾಲದ ಕಂತೂ ಕಟ್ಟಬೇಕಲ್ಲ!

ಕೇಸಿನ ಭಯದಿಂದ ಏನು ಬದಲಾಗುತ್ತದೆ ಅನ್ನುವುದು ರೋಗಿಯ ಚಿಕಿತ್ಸೆಯ ವಿವರ ಬರೆದಿಡುವ ಕೇಸ್ ಶೀಟಿನಲ್ಲಿ ಚೆನ್ನಾಗಿ ಕಾಣುತ್ತದೆ. ವಕೀಲರ ನೋಟಿಸು ಬಂದ ದಿನ ಆ ರೋಗಿಯ ಫೈಲು ಹೊರಗೆ ಬರುತ್ತದೆ. ಅದುವರೆಗೆ ತಿರುಗಿಯೂ ನೋಡದವರೆಲ್ಲ ಸುತ್ತ ನಿಂತು ಓದುತ್ತಾರೆ. ರಾತ್ರಿ ಎರಡು ಗಂಟೆಗೆ ಬಿಪಿ ಬಿತ್ತು ಅಂತ ನರ್ಸ್ ಬರೆದಿರುತ್ತಾರೆ. ಡ್ಯೂಟಿ ಡಾಕ್ಟರಿಗೆ ಯಾವಾಗ ಹೇಳಿದರು, ಅವರು ಯಾವಾಗ ಬಂದರು, ಅದೇ ಇರುವುದಿಲ್ಲ. ಕನ್ಸೆಂಟ್ ಫಾರ್ಮ್, ಅಂದರೆ ಒಪ್ಪಿಗೆ ಪತ್ರ, ಪೂರ್ತಿ ಇಂಗ್ಲಿಷಿನಲ್ಲಿ. ಯಾವ ಆಪರೇಷನ್ ಅಂತ ಬರೆಯುವ ಜಾಗ ಖಾಲಿ. ಅದರ ಕೆಳಗೆ ಹೆಬ್ಬೆಟ್ಟು. ಇಂಥ ಒಂದೆರಡು ನೋಟಿಸು ಬಂದ ಮೇಲೆಯೇ ನಮ್ಮಲ್ಲಿ ಕನ್ನಡದ ಫಾರ್ಮ್ ಬಂತು, ಪ್ರತಿ ಸಾಲಿನ ಪಕ್ಕ ಟೈಮ್ ಬರೆಯುವ ರೂಢಿ ಬಂತು. ಟ್ರೇನಿಂಗು, ಮೀಟಿಂಗು ಎಲ್ಲ ಮೊದಲೂ ಇದ್ದವು, ಅವುಗಳಿಂದ ಆಗಿರಲಿಲ್ಲ.

ಕನ್ಸೆಂಟ್ ಬಗ್ಗೆ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು ನೋಡಿ. ದೆಹಲಿಯ ಮಹಿಳೆಯೊಬ್ಬರು ತೊಂದರೆ ಏನು ಅಂತ ತಿಳಿಯಲು, ಹೊಟ್ಟೆಯೊಳಗೆ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವ ಲ್ಯಾಪ್ರೋಸ್ಕೋಪಿಗೆ ಒಪ್ಪಿದ್ದರು. ಅವರಿಗೆ ಇನ್ನೂ ಎಚ್ಚರವಿಲ್ಲದಾಗಲೇ ಅವರ ತಾಯಿಯ ಸಹಿ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ಡಾಕ್ಟರ್ ಒಳ್ಳೇ ಉದ್ದೇಶದಿಂದಲೇ ಮಾಡಿರಬಹುದು. ಆದರೂ ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಅಂತ ತೀರ್ಪು ಬಂತು. ಆಕೆ ಕೇಸು ಹಾಕದಿದ್ದರೆ ಈ ಮಾತು ಯಾವ ಆಪರೇಷನ್ ಥಿಯೇಟರಿಗೂ ಮುಟ್ಟುತ್ತಿರಲಿಲ್ಲ.

ಗ್ರಾಹಕ ನ್ಯಾಯಾಲಯದ ಬಾಗಿಲು ರೋಗಿಗಳಿಗೆ ಗಟ್ಟಿಯಾಗಿ ತೆರೆದದ್ದು 1995ರಲ್ಲಿ. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆ ಕೂಡ ಸೇವೆಯೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ವೈದ್ಯರ ಸಂಘವೇ ಎದುರು ನಿಂತು ವಾದಿಸಿತ್ತು. 2019ರ ಹೊಸ ಗ್ರಾಹಕ ಕಾಯ್ದೆಯಲ್ಲಿ ಚಿಕಿತ್ಸೆಯ ಹೆಸರಿಲ್ಲ, ಹಾಗಾಗಿ ನಾವು ಅದರೊಳಗೆ ಬರಲ್ಲ ಅಂತ ಮತ್ತೆ ಕೆಲವು ವೈದ್ಯರು ಕೋರ್ಟಿಗೆ ಹೋದರು. 2022ರಲ್ಲಿ ಅದೂ ಬಿದ್ದುಹೋಯಿತು.

ಹಾಗಂತ ಹಕ್ಕಿದ್ದರೆ ಗೆಲುವು ಬಂದೇಬರುತ್ತದೆ ಅಂತ ಅಲ್ಲ. 1990ರಲ್ಲಿ ಹೈದರಾಬಾದಿನ ನಿಮ್ಸ್‌ನಲ್ಲಿ ಇಪ್ಪತ್ತರ ಹುಡುಗ, ಇಂಜಿನಿಯರಿಂಗ್ ವಿದ್ಯಾರ್ಥಿ, ಎದೆಯೊಳಗಿನ ಗಡ್ಡೆಗೆ ಆಪರೇಷನ್ ಮಾಡಿಸಿಕೊಂಡ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಸುಪ್ರೀಂ ಕೋರ್ಟಿನಲ್ಲಿ ವ್ಹೀಲ್‌ಚೇರಿನಲ್ಲಿ ಕೂತು ತನ್ನ ಕೇಸು ತಾನೇ ವಾದಿಸಿದ. ಒಂದು ಕೋಟಿ ಪರಿಹಾರ ಸಿಕ್ಕಿದ್ದು 2009ರಲ್ಲಿ. ಹತ್ತೊಂಬತ್ತು ವರ್ಷ! ಹಕ್ಕು ಜಾಸ್ತಿ ಆಯಿತು ಅನ್ನುವವರು ಈ ಲೆಕ್ಕ ಹಾಕಬೇಕು. ಸಾಮಾನ್ಯರು ಕೋರ್ಟಿನ ಮೂರನೇ ವಿಚಾರಣೆಗೇ ಸುಸ್ತಾಗಿ ರಾಜಿಗೆ ಬರುತ್ತಾರೆ.

ಡಾಕ್ಟರುಗಳ ಭಯದಲ್ಲಿ ನಾನು ಪೂರ್ತಿ ಒಪ್ಪುವುದು ಒಂದನ್ನು, ಪೊಲೀಸ್ ಕೇಸು. 2022ರಲ್ಲಿ ರಾಜಸ್ಥಾನದ ದೌಸಾದಲ್ಲಿ ಹೆರಿಗೆ ಆದಮೇಲೆ ರಕ್ತಸ್ರಾವದಿಂದ ಒಬ್ಬ ತಾಯಿ ಸತ್ತರು. ಜನ ಸೇರಿ ಗಲಾಟೆ ಮಾಡಿದರು, ಪೊಲೀಸರು ಡಾಕ್ಟರ್ ಮೇಲೆ ಕೊಲೆ ಕೇಸೇ ದಾಖಲಿಸಿದರು. ಆ ವೈದ್ಯೆ ಆತ್ಮಹತ್ಯೆ ಮಾಡಿಕೊಂಡರು. ಅಷ್ಟು ಹೊತ್ತಿಗೆ, ತೀರಾ ಘೋರ ನಿರ್ಲಕ್ಷ್ಯ ಇದ್ದರೆ ಮಾತ್ರ ಕ್ರಿಮಿನಲ್ ಕೇಸು, ಅದಕ್ಕೂ ಮೊದಲು ಬೇರೆ ಡಾಕ್ಟರ ಅಭಿಪ್ರಾಯ ಕೇಳಿ ಅಂತ ಸುಪ್ರೀಂ ಕೋರ್ಟ್ ಹೇಳಿ ಹದಿನಾರು ವರ್ಷ ದಾಟಿತ್ತು. ಪರಿಹಾರದ ಕೇಸೇ ಬೇರೆ. ಎಷ್ಟೋ ಡಾಕ್ಟರುಗಳು ಅದಕ್ಕಂತಲೇ ಇನ್ಶೂರೆನ್ಸ್ ಮಾಡಿಸಿರುತ್ತಾರೆ. ಜೈಲಿಗೆ ಇನ್ಶೂರೆನ್ಸ್ ಇಲ್ಲ. ನನ್ನ ಕೇಳಿದರೆ, ಕೋರ್ಟಿನ ದಾರಿ ಮುಚ್ಚಿದಷ್ಟೂ ಜನ ಠಾಣೆಗೆ ಹೋಗುತ್ತಾರೆ, ಇಲ್ಲವೇ ಕಲ್ಲು ಎತ್ತಿಕೊಳ್ಳುತ್ತಾರೆ. ಆಸ್ಪತ್ರೆಯ ಗಾಜು ಒಡೆಯುವವರಿಗಾಗಿಯೇ ಕರ್ನಾಟಕದಲ್ಲಿ 2009ರಿಂದ ಒಂದು ಕಾಯ್ದೆ ಇದೆ, ಗಾಜು ಒಡೆಯುವುದೇನೂ ನಿಂತಿಲ್ಲ.

ನ್ಯೂಜಿಲೆಂಡಿನಲ್ಲಿ 1974ರಿಂದ ಇಂಥ ಪರಿಹಾರದ ಕೇಸು ಹಾಕುವ ಹಾಗಿಲ್ಲ, ಅಲ್ಲೇನು ಆಕಾಶ ಬಿದ್ದಿಲ್ಲವಲ್ಲ ಅಂತ ಯಾರಾದರೂ ಹೇಳಿಯಾರು. ಹೌದು. ಆದರೆ ಅಲ್ಲಿ ಚಿಕಿತ್ಸೆಯಿಂದ ಪೆಟ್ಟಾದವರ ಖರ್ಚನ್ನು, ಕೈತಪ್ಪಿದ ಸಂಬಳದ ಬಹುಪಾಲನ್ನು ಸರ್ಕಾರಿ ಸಂಸ್ಥೆ ಕೊಡುತ್ತದೆ. ತಪ್ಪು ಯಾರದು ಅಂತ ಸಾಬೀತು ಮಾಡಬೇಕಾಗಿಲ್ಲ. ನಮ್ಮಲ್ಲಿ ಅಂಥದ್ದು ತಂದರೆ ಆಗ ಮಾತಾಡೋಣ. ಈಗ ಹಕ್ಕು ಇಲ್ಲದವರ ಗತಿ ಏನು ಅಂತ ನೋಡಬೇಕಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಕಡೆ ಗ್ರಾಹಕ ಕಾಯ್ದೆ ನಡೆಯುವುದಿಲ್ಲ, 1995ರ ತೀರ್ಪಿನಲ್ಲೇ ಹಾಗಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ಡ್ರಿಪ್ಪಿಗೆ ಹಾಕಿದ ದ್ರಾವಣದ ಮೇಲೆ ಅನುಮಾನ ಬಂತು. ಅಂಥ ಮನೆಯವರು ಸಿವಿಲ್ ಕೋರ್ಟು, ಹೈಕೋರ್ಟು ಅಂತ ಅಲೆಯಬೇಕು, ಇಲ್ಲಾ ಸರ್ಕಾರ ಎಷ್ಟು ಘೋಷಿಸುತ್ತದೋ ಅಂತ ಕಾಯಬೇಕು. ಹಕ್ಕನ್ನು ಕಡಿಮೆ ಮಾಡುವ ಮಾತಿರಲಿ, ಇವರಿಗೂ ಸಿಗಬೇಕು.

ನಿಮ್ಮ ಮನೆಯಲ್ಲೇ ಏನೋ ಆಗಿ ಈ ಪ್ರಶ್ನೆ ಕೇಳಿದ್ದರೆ, ವಕೀಲರಿಗಿಂತ ಮೊದಲು ನಮ್ಮಂಥವರ ಕೌಂಟರಿಗೆ ಬನ್ನಿ. ಪೂರ್ತಿ ಕೇಸ್ ಶೀಟಿನ ನಕಲು ಬೇಕು ಅಂತ ಬರೆದುಕೊಡಿ. ಡಿಸ್ಚಾರ್ಜ್ ಸಮರಿ ಒಂದನ್ನೇ ಕೊಟ್ಟು ಕಳಿಸಿದರೆ ಸುಮ್ನೆ ಹೋಗಬೇಡಿ, ಆಪರೇಷನ್ ನೋಟ್ಸ್, ಅನಸ್ತೇಷಿಯಾ ಚಾರ್ಟು, ನರ್ಸುಗಳ ಚಾರ್ಟು ಎಲ್ಲ ಕೇಳಿ. 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮ ಇದೆ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ಕಟ್ಟಿದ ಬಿಲ್ಲು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.